ಹಸಿವು ಮತ್ತು ಅಪಾಯ: ಕಡಲತೀರದ ಬಸವನಹುಳುವಿನ ವರ್ತನೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಮಕ್ಕಳಿಗೆ ಕೃಷ್ಣಾ, ಘಟಪ್ರಭಾ ಹೊಳೆಗಳು ಗೊತ್ತು, ಸಮುದ್ರ ದೂರ. ಆದರೂ ಬೋಧನಾಭ್ಯಾಸದಲ್ಲಿ ‘ಪ್ರಚೋದನೆ ಮತ್ತು ಪ್ರತಿಕ್ರಿಯೆ’ ವಿವರಿಸಲು ನಾನು ಕಡಲತೀರದ ನಾಸೇರಿಯಸ್ ಎಂಬ ಬಸವನಹುಳುವನ್ನು ಆರಿಸಿಕೊಂಡೆ. ನಮ್ಮ ಕರಾವಳಿಯಲ್ಲೂ ಇರುವ ಈ ಪ್ರಾಣಿಗೆ ಊಟದ ಸುದ್ದಿಯೂ ಅಪಾಯದ ಸುದ್ದಿಯೂ ನೀರಿನಲ್ಲಿ ಕರಗಿದ ವಾಸನೆಯಿಂದಲೇ ತಿಳಿಯುತ್ತವೆ.

ಆಹಾರ ಹುಡುಕುವ ಬಗೆ

ಇದು ಹೆಚ್ಚು ಹೊತ್ತು ಮರಳಿನೊಳಗೆ ಹುದುಗಿರುತ್ತದೆ. ಸೈಫನ್ ಎಂಬ ನಳಿಕೆ ಮಾತ್ರ ಹೊರಗಿರುತ್ತದೆ. ಅದರ ಮೂಲಕ ಒಳಬಂದ ನೀರನ್ನು ಆಸ್ಫ್ರೇಡಿಯಂ ಎಂಬ ಅಂಗ ಪರೀಕ್ಷಿಸುತ್ತದೆ. ಸತ್ತ ಮೀನು ಅಥವಾ ಏಡಿಯ ವಾಸನೆ ಸಿಕ್ಕೊಡನೆ ಹುಳು ಮೇಲೆದ್ದು, ಸೈಫನ್ನನ್ನು ಅತ್ತಿತ್ತ ಆಡಿಸುತ್ತ ವಾಸನೆ ಬಂದ ದಿಕ್ಕಿಗೆ ತೆವಳುತ್ತದೆ. ಉದ್ದನೆಯ ಸೊಂಡಿಲು ಚಾಚಿ ಬೇಗ ಬೇಗ ತಿಂದು, ಮತ್ತೆ ಮರಳು ಸೇರುತ್ತದೆ.

ತಪ್ಪಿಸಿಕೊಳ್ಳುವ ಬಗೆ

ಆ ಅವಸರಕ್ಕೆ ಕಾರಣವಿದೆ. ಸತ್ತ ಮೀನಿಗೆ ಏಡಿಗಳೂ ಬರುತ್ತವೆ. ಅವು ಬಸವನಹುಳುವನ್ನೂ ಒಡೆದು ತಿನ್ನುತ್ತವೆ. ತನ್ನದೇ ಜಾತಿಯ ಹುಳು ಜಜ್ಜಿಹೋದ ವಾಸನೆ ಬಂದರೆ ಇದು ದೂರ ಸರಿಯುತ್ತದೆ ಅಥವಾ ಹುದುಗಿಕೊಳ್ಳುತ್ತದೆ. ಬೇಟೆಯಾಡುವ ನಕ್ಷತ್ರಮೀನು ತಾಗಿದರೆ ಕೆಲವು ಪ್ರಭೇದಗಳು ಪಾದವನ್ನು ತಿರುಚಿ ಪಲ್ಟಿ ಹೊಡೆಯುತ್ತವೆ.

ಎರಡೂ ವಾಸನೆ ಒಟ್ಟಿಗೆ ಬಂದರೆ? ಹಾಂಗ್‌ಕಾಂಗ್‌ನ ಒಂದು ನಾಸೇರಿಯಸ್ ಪ್ರಭೇದದ ಬಗ್ಗೆ 1999ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಸಿವು ಏರಿದಂತೆ ಅಪಾಯದ ಅಂಜಿಕೆ ಬೇಗನೆ ಹಿಂದೆ ಸರಿಯುತ್ತದೆ. ಅಂದರೆ ಪ್ರತಿಕ್ರಿಯೆಯನ್ನು ನಿರ್ಧರಿಸುವುದು ಹೊರಗಿನ ಪ್ರಚೋದನೆ ಒಂದೇ ಅಲ್ಲ. ಪ್ರಾಣಿಯ ಒಳಗಿನ ಸ್ಥಿತಿಯೂ ಹೌದು. ಈ ಪಾಠದಲ್ಲಿ ಮಕ್ಕಳಿಗೆ ಮುಟ್ಟಬೇಕಾದ ಮಾತು ಇದೇ.

ತರಗತಿಗೆ

ನಮ್ಮ ಕೆರೆ, ಹೊಂಡಗಳ ಪೈಲಾ ಬಸವನಹುಳುವನ್ನು ನೀರಿನ ತಟ್ಟೆಯಲ್ಲಿಟ್ಟು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ, ಅದು ಒಳಸರಿದು ಮುಚ್ಚಳ ಹಾಕಿಕೊಳ್ಳುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಆದರೆ ಪೈಲಾ ಮುಖ್ಯವಾಗಿ ಸಸ್ಯ ತಿನ್ನುವ ಪ್ರಾಣಿ. ಸತ್ತ ಮೀನಿನತ್ತ ಸಾಗುವ ವರ್ತನೆಯನ್ನು ಅದರಲ್ಲಿ ತೋರಿಸಲು ಹೋಗಬಾರದು. ಅದಕ್ಕೆ ಕಪ್ಪುಹಲಗೆಯ ಚಿತ್ರ ಸಾಕು. ಅಪಾಯದ ವಾಸನೆ ತೋರಿಸಲೆಂದು ಹುಳುವನ್ನು ಜಜ್ಜುವುದಂತೂ ಬೇಡವೇ ಬೇಡ. ಪಾಠ ಮುಗಿದ ಮೇಲೆ ಹುಳುವನ್ನು ತಂದಲ್ಲೇ ಬಿಟ್ಟು, ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು.

ಮೌಲ್ಯಮಾಪನಕ್ಕೆ ನಾನು ಇಟ್ಟುಕೊಂಡ ಪ್ರಶ್ನೆ: ‘ಹೊಟ್ಟೆ ತುಂಬಿದ ಹುಳು, ಹಸಿದ ಹುಳು — ಮೀನಿನ ಹತ್ತಿರ ಏಡಿ ಇದ್ದರೆ ಯಾವುದು ಮುಂದೆ ಹೋದೀತು? ಏಕೆ?’ ಅಂಕ ಕೊಡುವಾಗ ನೋಡಬೇಕಾದದ್ದು ಆ ‘ಏಕೆ’ಗೆ ಬರುವ ಉತ್ತರವನ್ನು.