ಫೋಟೊ ಮಂಕಾಯಿತೇ? ಮೆನು ನೋಡಿ

ತುಮಕೂರಿನಲ್ಲಿ ಮದುವೆ, ಜಾತ್ರೆಗಳ ಫೋಟೊ ತೆಗೆದು ಕಾಲೇಜು ಫೀಸಿಗೆ ದುಡ್ಡು ಹೊಂದಿಸುವ ಗೆಳೆಯರಿದ್ದಾರೆ. ಗುಬ್ಬಿ ಚನ್ನಬಸವೇಶ್ವರ ಜಾತ್ರೆಯ ತೇರು ಕ್ಯಾಮೆರಾದಲ್ಲಿ ಝಗಮಗಿಸಿ, ಬೇರೆಯವರ ಪರದೆಯಲ್ಲಿ ಮಂಕಾದರೆ ಲೆನ್ಸ್ ಬೈಯುವ ಮೊದಲು ಮೆನುವಿನ ‘ಕಲರ್ ಸ್ಪೇಸ್’ ನೋಡಿ.

ಅಲ್ಲಿ ಎರಡು ಆಯ್ಕೆಗಳಿರುತ್ತವೆ: 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ರೂಪಿಸಿದ ಎಸ್‌ಆರ್‌ಜಿಬಿ, 1998ರ ಅಡೋಬಿ ಆರ್‌ಜಿಬಿ. ಎರಡನೆಯದರ ವ್ಯಾಪ್ತಿ ದೊಡ್ಡದು. ಕುಣಿಗಲ್ ಕೆರೆಯಂಚಿನ ದಟ್ಟ ಹಸಿರಿನಂಥ ಬಣ್ಣಗಳಿಗೆ ಅದರಲ್ಲಿ ಜಾಗ ಹೆಚ್ಚು.

ಹಾಗಾದರೆ ಅದನ್ನೇ ಆರಿಸೋಣವೇ? ಅವಸರ ಬೇಡ. ಜೆಪೆಗ್ ಫೈಲಿನಲ್ಲಿರುವುದು ಬಣ್ಣವಲ್ಲ, ಸಂಖ್ಯೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255. ಅಡೋಬಿ ಲೆಕ್ಕದಲ್ಲಿ ಬರೆದ ಸಂಖ್ಯೆಯನ್ನು ಆ್ಯಪ್ ಅಥವಾ ಪ್ರಿಂಟಿಂಗ್ ಲ್ಯಾಬ್ ಎಸ್‌ಆರ್‌ಜಿಬಿ ಎಂದೇ ಓದಿದರೆ, ಗಜದಲ್ಲಿ ಅಳೆದದ್ದನ್ನು ಅಡಿ ಎಂದುಕೊಂಡಂತೆ. ಮದುಮಗಳ ಸೀರೆಯ ಕೆಂಪು ಪೇಲವವಾಗುತ್ತದೆ, ಆಲ್ಬಂ ವಾಪಸ್ ಬರುತ್ತದೆ.

ಫೈಲ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಅದು ಅಡೋಬಿ ಆರ್‌ಜಿಬಿ. ‘ರಾ’ ಫೈಲಿಗೆ ಈ ತೊಡಕಿಲ್ಲ. ಸೆನ್ಸರ್ ಕಂಡದ್ದು ಹಾಗೇ ಉಳಿಯುತ್ತದೆ, ಕಲರ್ ಸ್ಪೇಸನ್ನು ಎಡಿಟ್ ಮಾಡುವಾಗ ಆರಿಸಬಹುದು.

ಆದ್ದರಿಂದ ನೇರವಾಗಿ ಕೊಡುವ ಜೆಪೆಗ್‌ಗೆ ಎಸ್‌ಆರ್‌ಜಿಬಿ ಇರಲಿ. ಎಡಿಟ್ ಮಾಡುವುದಿದ್ದರೆ ‘ರಾ’ದಲ್ಲಿ ತೆಗೆಯಿರಿ. ಆಲ್ಬಂ ಕಳಿಸುವ ಮುನ್ನ ಲ್ಯಾಬ್‌ನವರಿಗೆ ಯಾವುದು ಬೇಕೆಂದು ಕೇಳಿ. ಒಂದು ಫೋನ್ ಕರೆಯಿಂದ ಮರುಮುದ್ರಣದ ಖರ್ಚು ತಪ್ಪೀತು.