ಮೂಕವಾದ ಸ್ಟೀರಿಯೋ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಸೀಮೆ ಸುಣ್ಣಕಲ್ಲಿನ ಸೀಮೆ. ಶಹಾಬಾದಿನ ಹಾಸುಗಲ್ಲು ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ; ವಾಡಿಯಲ್ಲಿಯೂ ಸೇಡಂನಲ್ಲಿಯೂ ಸಿಮೆಂಟು ಕಾರ್ಖಾನೆಗಳಿವೆ. ಈ ಸಂಪತ್ತಿನ ಬೆನ್ನಿಗೇ ಧೂಳೂ ಬರುತ್ತದೆ. ಚಿಂಚೋಳಿಯ ಕಾಡಿನಂಚಿನಲ್ಲಿ ಮಳೆಗಾಲದ ತೇವವೂ ಅದಕ್ಕೆ ಜೊತೆಯಾಗುತ್ತದೆ. ಮನೆಯ ಹಳೆಯ ಸ್ಟೀರಿಯೋಗೆ ಇವೆರಡೂ ಹಿತವಲ್ಲ.

ದೀಪ ಹೊತ್ತುತ್ತದೆ, ಕ್ಯಾಸೆಟ್ ತಿರುಗುತ್ತದೆ, ಸ್ವರ ಮಾತ್ರ ಇಲ್ಲ. ಸ್ಪೀಕರು ಹೋಯಿತೆಂದು ಮನೆಯವರು ಹೊಸದಕ್ಕೆ ಹಣ ಎಣಿಸತೊಡಗುತ್ತಾರೆ. ಸ್ವರ ಹೊರಬೀಳುವ ಬಾಯಿ ಅದಾದ್ದರಿಂದ ಅಪವಾದವೂ ಅದರ ಪಾಲಿಗೇ! ತಪ್ಪು ಹಲವು ವೇಳೆ ಬೇರೆಲ್ಲೋ ಇರುತ್ತದೆ.

ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಸ್ಟೀರಿಯೋ ಪದ್ಧತಿಯಲ್ಲಿ ಸ್ವರಕ್ಕೆ ಎಡ, ಬಲ ಎಂಬ ಎರಡು ದಾರಿಗಳು. ಒಂದನ್ನು ಇನ್ನೊಂದರಿಂದ ಪರೀಕ್ಷಿಸಬಹುದೆಂಬುದೇ ಇಲ್ಲಿನ ಅನುಕೂಲ. ಎರಡೂ ಮೌನವಾದರೆ ದೋಷ ಬಹುಮಟ್ಟಿಗೆ ಎರಡಕ್ಕೂ ಸಮಾನವಾದ ಸ್ಥಳದಲ್ಲಿದೆ. ಹಳೆಯ ಆಂಪ್ಲಿಫೈಯರುಗಳಲ್ಲಿ 'ಟೇಪ್ ಮಾನಿಟರ್' ಎಂಬ ಗುಂಡಿಯುಂಟು. ಧೂಳು ಒರೆಸುವಾಗ ಅದು ಅದುಮಿಹೋದರೆ, ಯಂತ್ರವು ಜೋಡಿಸದೇ ಇರುವ ಟೇಪಿನ ದಾರಿ ಕಾಯುತ್ತ ಸುಮ್ಮನಿರುತ್ತದೆ. ಸ್ಪೀಕರ್ ಆಯ್ಕೆಯ ಗುಂಡಿಯೂ ಹಾಗೆಯೇ. ಹೆಡ್‌ಫೋನ್ ಸಿಕ್ಕಿಸಿ ಕೇಳಿದಾಗ ಹಾಡು ಬಂದರೆ, ಅಲ್ಲಿಯವರೆಗಿನ ದಾರಿ ಸರಿಯಿದೆ.

ಒಂದೇ ಕಡೆ ಮೌನವೇ? ಯಂತ್ರವನ್ನು ಆರಿಸಿ, ಹಿಂಬದಿಯಲ್ಲಿ ಸ್ಪೀಕರುಗಳ ಎಡಬಲದ ತಂತಿಗಳನ್ನು ಅದಲುಬದಲು ಮಾಡಬೇಕು. ಮೌನ ಇನ್ನೊಂದು ಸ್ಪೀಕರಿಗೆ ದಾಟಿದರೆ ದೋಷ ಆಂಪ್ಲಿಫೈಯರಿನಲ್ಲಿ ಅಥವಾ ಅದಕ್ಕೂ ಹಿಂದೆ. ಅಲ್ಲಿಯೇ ಉಳಿದರೆ ತಂತಿಯಲ್ಲಿ ಇಲ್ಲವೆ ಸ್ಪೀಕರಿನಲ್ಲಿ. ಅದರ ಎರಡು ತಂತಿಗಳನ್ನೂ ಯಂತ್ರದಿಂದ ಬಿಡಿಸಿ, ಟಾರ್ಚಿನ 1.5 ವೋಲ್ಟಿನ ಒಂದು ಸೆಲ್ಲಿಗೆ ಕ್ಷಣಮಾತ್ರ ತಾಗಿಸಿದಾಗ 'ಟಪ್' ಎಂದರೆ ತಂತಿಗೂ ಸ್ಪೀಕರಿಗೂ ಜೀವವಿದೆ.

ರಿಲೇ ಇರುವ ಯಂತ್ರಗಳು ಹಚ್ಚಿದ ಕೆಲವು ಕ್ಷಣಗಳಲ್ಲಿ 'ಟಿಕ್' ಎನ್ನುತ್ತವೆ. ಅದು ಕೇಳದಿದ್ದರೆ ಯಂತ್ರವನ್ನು ಆರಿಸಿ, ಸ್ಪೀಕರಿನ ತಂತಿಗಳನ್ನೆಲ್ಲ ಬಿಡಿಸಿ ಮತ್ತೆ ಹಚ್ಚಬೇಕು. ಈಗ ಕೇಳಿದರೆ ತಂತಿಯ ಒಂದು ಎಳೆ ಮತ್ತೊಂದಕ್ಕೆ ತಗುಲಿರುವ ಸಂಭವ ಹೆಚ್ಚು.

ಧೂಳು ಕುಳಿತ ಗುಂಡಿ, ತಿರುಗಣೆಗಳನ್ನು, ಪ್ಲಗ್ ಕಿತ್ತ ಬಳಿಕ, ಇಪ್ಪತ್ತು ಬಾರಿ ಅತ್ತಿತ್ತ ಆಡಿಸಿದರೆ ಎಷ್ಟೋ ವೇಳೆ ಸ್ವರ ಮರಳುತ್ತದೆ. ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದು ಮೆಕ್ಯಾನಿಕನ ಕೆಲಸ. ಯಾವ ಕಡೆ ಮೌನ, ತಂತಿ ಬದಲಿಸಿದಾಗ ಏನಾಯಿತು ಎಂದು ಚೀಟಿಯಲ್ಲಿ ಬರೆದು ಕೊಟ್ಟರೆ ಆತನ ಅರ್ಧ ದಿನ ಉಳಿದೀತು.