ಆರ್‌ಸಿಸಿಬಿ ತೆಗೆಸುವ ಮುನ್ನ

ಮಳೆಗಾಲ ಬಂತೆಂದರೆ ಅನೇಕ ಮಳಿಗೆ, ಕಾರ್ಯಾಗಾರ ಹಾಗೂ ಮನೆಗಳಲ್ಲಿ ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗತೊಡಗುತ್ತದೆ. ವ್ಯವಹಾರಕ್ಕೆ ಅಡಚಣೆಯೆಂದು ಅದನ್ನು ತೆಗೆಸಿ ನೇರ ಸಂಪರ್ಕ ಕೊಡಿಸುವವರೂ ಉಂಟು. ಇದು ಪ್ರಾಣಕ್ಕೆ ಎರವಾಗಬಲ್ಲ ಕ್ರಮ.

ಎಂಸಿಬಿ ಇದೆಯಲ್ಲ ಎಂಬ ಸಮಾಧಾನ ಸಲ್ಲದು. 16 ಆಂಪಿಯರ್ ಎಂಸಿಬಿಯು ಅಧಿಕ ಹೊರೆ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ತಂತಿಯನ್ನು ಕಾಯುತ್ತದೆ. ಮನುಷ್ಯನ ಪ್ರಾಣ ತೆಗೆಯಲು 0.1 ಆಂಪಿಯರ್ ಸಾಕು. ಆರ್‌ಸಿಸಿಬಿಯಾದರೋ ಫೇಸ್‌ನಲ್ಲಿ ಹೋದ ಪ್ರವಾಹವನ್ನು ನ್ಯೂಟ್ರಲ್‌ನಲ್ಲಿ ಮರಳಿದ ಪ್ರವಾಹದೊಡನೆ ಜಮಾ-ಖರ್ಚಿನಂತೆ ತಾಳೆ ನೋಡುತ್ತದೆ. ವ್ಯತ್ಯಾಸವು 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. 100 ಅಥವಾ 300 ಮಿಲಿ ಆಂಪಿಯರ್‌ನವು ಬೆಂಕಿ ತಡೆಯಲು ನೆರವಾಗುತ್ತವೆ. ಪ್ರಾಣರಕ್ಷಣೆಗೆ ಅವನ್ನು ನಂಬುವಂತಿಲ್ಲ.

ದೋಷ ಪತ್ತೆಗೆ ಸರಳ ಕ್ರಮವೊಂದಿದೆ. ಎಲ್ಲ ಪ್ಲಗ್‌ಗಳನ್ನು ಕಿತ್ತು, ಎಂಸಿಬಿಗಳನ್ನು ಆಫ್ ಮಾಡಿ, ಆರ್‌ಸಿಸಿಬಿಯನ್ನು ಆನ್ ಮಾಡಬೇಕು. ಬಳಿಕ ಎಂಸಿಬಿಗಳನ್ನು ಒಂದೊಂದಾಗಿ ಹಾಕಬೇಕು. ಯಾವುದನ್ನು ಹಾಕಿದಾಗ ಟ್ರಿಪ್ ಆಗುವುದೋ ಆ ಮಾರ್ಗದ ತಂತಿ ಅಥವಾ ತೇವಗೊಂಡ ಸಾಕೆಟ್‌ನಲ್ಲಿ ಸೋರಿಕೆಯಿರುತ್ತದೆ. ಆಗದಿದ್ದರೆ ಗೀಸರ್, ಪಂಪು ಮುಂತಾದವನ್ನು ಸರದಿಯಂತೆ ಜೋಡಿಸಿ ನೋಡಬೇಕು. ಎಂಸಿಬಿಗಳೆಲ್ಲ ಆಫ್ ಇದ್ದರೂ ಟ್ರಿಪ್ ಆದಲ್ಲಿ ನ್ಯೂಟ್ರಲ್ ಎಲ್ಲಿಯೋ ಅರ್ಥ್ ತಂತಿಯನ್ನು ತಾಗಿರಬಹುದು. ಸಿಂಗಲ್ ಪೋಲ್ ಎಂಸಿಬಿಯು ಫೇಸನ್ನು ಮಾತ್ರ ಕಡಿಯುತ್ತದೆ. ಬೋರ್ಡು ಬಿಚ್ಚುವ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಗೇ ವಹಿಸತಕ್ಕದ್ದು.

ಆರ್‌ಸಿಸಿಬಿಯು ಅರ್ಥಿಂಗ್‌ಗೆ ಬದಲಿಯಲ್ಲ, ಎರಡೂ ಬೇಕು. ತಿಂಗಳ ಲೆಕ್ಕ ಮುಗಿಸಿ ಕಂಪ್ಯೂಟರ್ ಆಫ್ ಮಾಡಿದ ಮೇಲೆ ಅದರ ಟೆಸ್ಟ್ ಗುಂಡಿಯನ್ನೊಮ್ಮೆ ಒತ್ತುವುದು ಒಳ್ಳೆಯ ರೂಢಿ. ಆಗಲೂ ಟ್ರಿಪ್ ಆಗದಿದ್ದರೆ ಅದನ್ನು ಕೂಡಲೇ ಬದಲಾಯಿಸಬೇಕು.